ಧಾರಾನಗರದ ಅಂಬಿಕೆ: ಪುರಾತತ್ತ್ವ ಸಾಕ್ಷ್ಯಕ್ಕೆ ಎರಡು ಅಳತೆಗಳಿಲ್ಲ

ಕೊಳ್ಳುವಾಗ ದೊಡ್ಡ ಅಳತೆ, ಕೊಡುವಾಗ ಸಣ್ಣ ಅಳತೆ ಬಳಸುವುದನ್ನು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದೆಂದು ತತ್ತ್ವಾರ್ಥಸೂತ್ರವು ಎಣಿಸಿದೆ. ಹೀನಾಧಿಕಮಾನೋನ್ಮಾನವೆಂಬ ಈ ದೋಷವು ಅಂಗಡಿಯ ತಕ್ಕಡಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸುವುದು ರೂಢಿ. ಆದರೆ ಅಳೆಯಲ್ಪಡುವ ಪದಾರ್ಥವು ಧಾನ್ಯವೋ ಚಿನ್ನವೋ ಆಗಿರಬೇಕೆಂಬ ನಿಯಮವಿಲ್ಲ. ಅದು ಸಾಕ್ಷ್ಯವೂ ಆಗಿರಬಹುದು. ತಮಗೆ ಅನುಕೂಲವಾದ ಶಿಲಾಲೇಖದ ಒಂದು ಪದವನ್ನು ಸೇರಿನಲ್ಲಿ ಅಳೆದು, ಅನ್ಯರಿಗೆ ಅನುಕೂಲವಾದ ಲೇಖವನ್ನು ಚಟಾಕಿನಲ್ಲಿ ಅಳೆಯುವವನು ತಕ್ಕಡಿಯನ್ನು ಮುಟ್ಟದೆಯೇ ಅದೇ ಅತಿಚಾರಕ್ಕೆ ಗುರಿಯಾಗುತ್ತಾನೆ.

ಕೆಲವು ದಶಕಗಳಿಂದ ಭಾರತದ ಸಾರ್ವಜನಿಕ ವಾದವಿವಾದಗಳಲ್ಲಿ ಪುರಾತತ್ತ್ವಶಾಸ್ತ್ರಕ್ಕೆ ಹಿಂದೆಂದೂ ಇಲ್ಲದ ಪ್ರಾಮುಖ್ಯ ದೊರೆತಿದೆ. ಯಾವ ಕಟ್ಟಡ ಮೊದಲು ಯಾರದಾಗಿತ್ತು, ಯಾವ ವಿಗ್ರಹ ಯಾವ ದೇವತೆಯದು, ಯಾರು ಎಲ್ಲಿಯ ಮೂಲನಿವಾಸಿಗಳು ಎಂಬ ಪ್ರಶ್ನೆಗಳು ವಿದ್ವತ್ಪತ್ರಿಕೆಗಳಿಂದ ಹೊರಬಂದು ನ್ಯಾಯಾಲಯಗಳನ್ನೂ ಚುನಾವಣಾ ವೇದಿಕೆಗಳನ್ನೂ ಪ್ರವೇಶಿಸಿವೆ. ಬಹುಕಾಲ ಜೈನ ಸಮಾಜವು ಇಂತಹ ವಿವಾದಗಳನ್ನು ದೂರದಿಂದ ನೋಡುತ್ತಿತ್ತು. ಮಧ್ಯಪ್ರದೇಶದ ಧಾರ್ ನಗರದ ಭೋಜಶಾಲಾ ಪ್ರಕರಣದಲ್ಲಿ ಆ ದೂರ ಇಲ್ಲವಾಯಿತು. ಜೈನರ ಹೆಸರಿನಲ್ಲಿಯೂ ಅಲ್ಲಿ ಹಕ್ಕು ಮಂಡನೆಯಾಯಿತು. ಆದುದರಿಂದ ಆ ಹಕ್ಕಿಗೆ ಆಧಾರವಾದ ಸಾಕ್ಷ್ಯವೇನು, ಅದು ಎಷ್ಟನ್ನು ಹೇಳುತ್ತದೆ, ಎಲ್ಲಿ ಮೌನ ವಹಿಸುತ್ತದೆ ಎಂಬುದನ್ನು ಶ್ರಾವಕರು ಶಾಂತಚಿತ್ತದಿಂದ ಪರಿಶೀಲಿಸುವುದು ಉಚಿತವಾಗಿದೆ.

ವಿಗ್ರಹ ಮತ್ತು ಅದರ ಲೇಖ

ಪರಮಾರ ವಂಶದ ಭೋಜದೇವನು ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಧಾರಾನಗರದಿಂದ ಮಾಳವವನ್ನು ಆಳಿದನು. ಅವನ ವಿದ್ಯಾಪಕ್ಷಪಾತ ಲೋಕಪ್ರಸಿದ್ಧವಾದುದು. ಆ ನಗರದ ಹಳೆಯ ಅರಮನೆಯ ಅವಶೇಷಗಳ ನಡುವೆ 1875ರಲ್ಲಿ ಅಮೃತಶಿಲೆಯ ಒಂದು ಸ್ತ್ರೀದೇವತೆಯ ವಿಗ್ರಹ ದೊರೆಯಿತು. ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು. ಪೀಠದ ಮೇಲೆ ಸಂಸ್ಕೃತದ ಒಂದು ಚಿಕ್ಕ ಲೇಖವಿದೆ. ಅದರಲ್ಲಿ ವಿಕ್ರಮ ಸಂವತ್ 1091 ಎಂಬ ಕಾಲನಿರ್ದೇಶವಿದೆ, ಎಂದರೆ ಕ್ರಿ. ಶ. 1034.

1924ರಲ್ಲಿ ಕಲಾವಿಮರ್ಶಕ ಓ. ಸಿ. ಗಂಗೋಲಿಯವರೂ ಪುರಾತತ್ತ್ವಜ್ಞ ಕೆ. ಎನ್. ದೀಕ್ಷಿತರೂ ಈ ವಿಗ್ರಹವನ್ನು ರೂಪಂ ಪತ್ರಿಕೆಯಲ್ಲಿ ಪ್ರಕಟಿಸಿ, ಇದು ಭೋಜರಾಜನ ಸರಸ್ವತಿಯೆಂದು ಗುರುತಿಸಿದರು. ಲೇಖದಲ್ಲಿ ಭೋಜನ ಹೆಸರಿತ್ತು. ವಾಗ್ದೇವಿ ಎಂಬ ಪದವೂ ಇತ್ತು. ಆ ಅಭಿಪ್ರಾಯ ನೆಲೆಗೊಳ್ಳಲು ಇಷ್ಟೇ ಸಾಕಾಯಿತು. ಅದಕ್ಕೂ ಮೊದಲೇ, 1903ರಲ್ಲಿ, ಧಾರ್ ಸಂಸ್ಥಾನದ ವಿದ್ಯಾಧಿಕಾರಿ ಕೆ. ಕೆ. ಲೇಲೆಯವರು ಕಮಾಲ್ ಮೌಲಾ ಮಸೀದಿಯ ಗೋಡೆಯಲ್ಲಿದ್ದ ಸಂಸ್ಕೃತ ಶಿಲಾಫಲಕಗಳನ್ನು ಬೆಳಕಿಗೆ ತಂದಿದ್ದರು. ಆ ಕಟ್ಟಡಕ್ಕೆ ಭೋಜನ ಶಾಲೆಯೆಂಬ ಹೆಸರು ಆ ವರ್ಷಗಳಲ್ಲಿ ರೂಢವಾಗಿತ್ತು. ಒಂದೆಡೆ ಶಾಲೆ, ಇನ್ನೊಂದೆಡೆ ವಿದ್ಯಾಧಿದೇವತೆ. ಇವೆರಡನ್ನೂ ಜೋಡಿಸಿ, ಅರಮನೆಯ ಬಳಿ ದೊರೆತ ವಿಗ್ರಹವನ್ನು ಮಸೀದಿಯ ಸ್ಥಳದ ಮೂಲವಿಗ್ರಹವೆಂದು ಭಾವಿಸುವುದು ಸಾಮಾನ್ಯವಾಯಿತು.

1980ರ ದಶಕದ ಆರಂಭದಲ್ಲಿ ಪ್ರಾಕೃತ-ಅಪಭ್ರಂಶ ವಿದ್ವಾಂಸರಾದ ಹರಿವಲ್ಲಭ ಭಾಯಾಣಿಯವರು ಲೇಖವನ್ನು ಮತ್ತೆ ಓದಿದರು. ಅದನ್ನಾಧರಿಸಿ ಕಿರೀಟ್ ಮಂಕೋಡಿಯವರು ವಿಗ್ರಹದ ಗುರುತನ್ನು ಮರುಪರಿಶೀಲಿಸಿದರು. 2012ರಲ್ಲಿ ಮೈಕೆಲ್ ವಿಲ್ಲಿಸ್ ಅವರು ಧಾರ್, ಭೋಜ, ಸರಸ್ವತಿ ಈ ಮೂರರ ಕುರಿತ ಸಕಲ ಸಾಮಗ್ರಿಯನ್ನೂ ಪುನಃ ವಿಚಾರಿಸಿದರು. ಲೇಖದ ತಾತ್ಪರ್ಯ ಹೀಗಿದೆ: ಭೋಜನ ಕಾಲದಲ್ಲಿ ಚಂದ್ರನಗರಿ ಮತ್ತು ವಿದ್ಯಾಧರಿ ಎಂಬ ಜೈನ ಶಾಖೆಗಳ ಧರ್ಮಾಧಿಕಾರಿಯಾಗಿದ್ದ ವರರುಚಿಯು ಮೊದಲು ವಾಗ್ದೇವಿಯನ್ನು ಮಾಡಿಸಿದನು, ತರುವಾಯ ಮೂರು ಜಿನಬಿಂಬಗಳನ್ನು ಮಾಡಿಸಿದನು, ಅನಂತರ ಸದಾ ಫಲಭರಿತಳಾದ ಈ ಅಂಬೆಯ ಪ್ರತಿಮೆಯನ್ನು ಮಾಡಿಸಿದನು. ಶಿಲ್ಪಿ ಸಹಿರನ ಮಗ ಮಣಥಲ, ಬರೆದವನು ಶಿವದೇವ.

ಹೀಗಾಗಿ ಲಂಡನ್ನಿನಲ್ಲಿರುವ ಪ್ರತಿಮೆಯು ವಾಗ್ದೇವಿಯದಲ್ಲ, ಭಗವಾನ್ ನೇಮಿನಾಥರ ಯಕ್ಷಿಯಾದ ಅಂಬಿಕೆಯದು. ಕನ್ನಡ ನಾಡಿನ ಶ್ರಾವಕರಿಗೆ ಕೂಷ್ಮಾಂಡಿನಿ ಎಂಬ ಹೆಸರಿನಿಂದ ಚಿರಪರಿಚಿತಳಾದ ದೇವಿ ಇವಳೇ. ಮಾವಿನ ಗೊಂಚಲು, ಮಕ್ಕಳು, ಸಿಂಹ ಇವು ಅವಳ ಲಾಂಛನಗಳು. ಫಲಭರಿತೆ ಎಂಬ ವಿಶೇಷಣ ಆ ಮಾವಿನ ಮರವನ್ನು ನೆನಪಿಗೆ ತರುತ್ತದೆ.

ಹಿಂದಿನ ತಪ್ಪು ಹೇಗಾಯಿತು ಎಂಬುದು ಲೆಕ್ಕ ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. ಹಿಂದಿನ ಬಾಕಿಯನ್ನು ಮೊದಲ ಸಾಲಿನಲ್ಲಿ ಬರೆದು, ಕೆಳಗೆ ಇಂದಿನ ಬಾಬ್ತನ್ನು ಬರೆದಿರುವ ಪುಟದಲ್ಲಿ, ಮೊದಲ ಸಾಲನ್ನಷ್ಟೇ ಓದಿ ಪುಸ್ತಕ ಮುಚ್ಚಿದರೆ ಆಗುವ ತಪ್ಪು ಇದೇ. ವಾಗ್ದೇವಿ ಹಿಂದಿನ ಬಾಬ್ತು. ಅಂಬೆ ಇಂದಿನ ಬಾಬ್ತು. ಓದಿದವರಲ್ಲಿ ದುರುದ್ದೇಶವಿತ್ತೆಂದು ಹೇಳಲು ಆಧಾರವಿಲ್ಲ. ನಿರೀಕ್ಷಿಸಿದ ಪದ ಕಣ್ಣಿಗೆ ಬಿದ್ದಾಗ ಮುಂದಿನ ಪದಗಳ ಅಗತ್ಯವೇ ತೋರದಿರುವುದು ಮನುಷ್ಯಸ್ವಭಾವ. ಎಲ್ಲ ಪಕ್ಷಗಳೂ ನೆನಪಿಡಬೇಕಾದ ದೌರ್ಬಲ್ಯ ಇದು.

ಸಾಕ್ಷ್ಯ ಹೇಳುವುದಷ್ಟು, ಹೇಳಿಸುವುದೆಷ್ಟು?

ಭಾಯಾಣಿಯವರ ಓದಿನಿಂದ ಜೈನ ಸಮಾಜಕ್ಕೆ ಸಹಜವಾಗಿ ಸಂತೋಷವಾಗಬೇಕು. ಒಂಬತ್ತು ಶತಮಾನಗಳಿಗೂ ಹಿಂದಿನ ಒಬ್ಬ ಜೈನ ಧರ್ಮಾಧಿಕಾರಿಯ ಭಕ್ತಿಯು ತಪ್ಪು ಹೆಸರಿನಡಿ ಮುಚ್ಚಿಹೋಗಿತ್ತು. ಅದು ಪುನಃ ಪ್ರಕಟವಾಯಿತು. ಪುರಾತತ್ತ್ವಶಾಸ್ತ್ರವು ಸಮಾಜಕ್ಕೆ ಸಲ್ಲಿಸಬಹುದಾದ ನಿಜವಾದ ಸೇವೆ ಇಂತಹುದು. ಸಂಖ್ಯೆಯಲ್ಲಿ ಅಲ್ಪವಾದ, ದನಿಯಲ್ಲಿ ಮೃದುವಾದ ಸಮುದಾಯದ ಪಾಲನ್ನೂ ಕಲ್ಲು ನೆನಪಿಡುತ್ತದೆ.

ಆದರೆ 2024ರಲ್ಲಿ ನಡೆದುದು ಇಷ್ಟಕ್ಕೆ ನಿಲ್ಲಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಮಧ್ಯಪ್ರದೇಶ ಉಚ್ಚ ನ್ಯಾಯಾಲಯವು ಭೋಜಶಾಲಾ-ಕಮಾಲ್ ಮೌಲಾ ಸಂಕೀರ್ಣದ ವೈಜ್ಞಾನಿಕ ಸಮೀಕ್ಷೆಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಆದೇಶ ನೀಡಿತು. ಜುಲೈನಲ್ಲಿ ಇಲಾಖೆ ವರದಿ ಸಲ್ಲಿಸಿತು. ಇದಕ್ಕೂ ಮುನ್ನ, 2003ರಲ್ಲಿ ಮಾಡಿದ ವ್ಯವಸ್ಥೆಯಂತೆ ಅಲ್ಲಿ ಮಂಗಳವಾರ ಹಿಂದೂಗಳ ಪೂಜೆಗೂ ಶುಕ್ರವಾರ ಮುಸಲ್ಮಾನರ ನಮಾಜಿಗೂ ಅವಕಾಶವನ್ನು ಕಲ್ಪಿಸಲಾಗಿತ್ತು. ಸಮೀಕ್ಷೆಯ ವರ್ಷದಲ್ಲಿ ಮೂರನೆಯ ಹಕ್ಕೊಂದು ಉದಿಸಿತು. ವಿಗ್ರಹವು ಜೈನ ಅಂಬಿಕೆಯದಾದುದರಿಂದ ಕಟ್ಟಡವೂ ಮೂಲತಃ ಜೈನರದು, ಅದೊಂದು ಜೈನ ಗುರುಕುಲವಾಗಿತ್ತು ಎಂಬ ವಾದವನ್ನು ನ್ಯಾಯಾಲಯದ ಮುಂದಿಡಲಾಯಿತು.

ಈ ವಾದದ ಹೆಜ್ಜೆಗಳನ್ನು ಒಂದೊಂದಾಗಿ ನೋಡಬೇಕು. ಪ್ರತಿಮೆ ಅಂಬಿಕೆಯದು ಎಂಬುದು ಮೊದಲ ಹೆಜ್ಜೆ. ಅದಕ್ಕೆ ಲೇಖದ ಆಧಾರವಿದೆ. ಪ್ರತಿಮೆ ಆ ಕಟ್ಟಡದಲ್ಲಿತ್ತು ಎಂಬುದು ಎರಡನೆಯದು. ಅದಕ್ಕೆ ಆಧಾರವಿಲ್ಲ, ಏಕೆಂದರೆ ಅದು ದೊರೆತುದು ಅರಮನೆಯ ಸ್ಥಳದಲ್ಲಿ. ಒಂದು ಪ್ರತಿಮೆ ಜೈನವಾದರೆ ಅದಿದ್ದ ಕಟ್ಟಡವೆಲ್ಲ ಜೈನವೆಂಬುದು ಮೂರನೆಯದು; ರಾಜಧಾನಿಯಲ್ಲಿ ಹಲವು ಮತಗಳ ದೇವಾಲಯಗಳು ಒಟ್ಟಿಗೆ ಇರುತ್ತಿದ್ದವೆಂಬುದನ್ನು ಮರೆತವರು ಮಾತ್ರ ಈ ಮಾತನ್ನಾಡಬಲ್ಲರು. ಅಂದು ಜೈನವಾದುದು ಇಂದೂ ಜೈನರ ಸ್ವಾಧೀನಕ್ಕೆ ಬರಬೇಕೆಂಬುದು ನಾಲ್ಕನೆಯದು. ಇದು ಪುರಾತತ್ತ್ವದ ಪ್ರಶ್ನೆಯೇ ಅಲ್ಲ. ಒಂದು ರೂಪಾಯಿಯ ಹುಂಡಿಯನ್ನು ತೋರಿಸಿ ನಾಲ್ಕು ರೂಪಾಯಿ ಪಾವತಿ ಕೇಳಿದಂತಾಯಿತು. ವರರುಚಿಯ ಲೇಖ ಹೊರುವುದು ಮೊದಲ ರೂಪಾಯಿಯನ್ನಷ್ಟೇ.

ಇನ್ನೊಂದು ಸಂಗತಿಯನ್ನು ಮರೆಮಾಚುವುದು ಸಲ್ಲದು. ಅದೇ ಲೇಖವು ವಾಗ್ದೇವಿಯ ಬೇರೊಂದು ಪ್ರತಿಮೆ ಆಗಿನ ಕಾಲದಲ್ಲಿ ಇತ್ತೆಂದು ಸ್ಪಷ್ಟವಾಗಿ ಸಾರುತ್ತದೆ. ಎಂದರೆ, ಧಾರೆಯಲ್ಲಿ ವಾಗ್ದೇವಿಯ ಆರಾಧನೆಯಿತ್ತೆಂದು ನಂಬುವವರ ನಂಬಿಕೆಯೂ ಈ ಲೇಖದಿಂದಲೇ ಬಲಗೊಳ್ಳುತ್ತದೆ. ಅವರು ತಪ್ಪಿದ್ದು ಪ್ರತಿಮೆಯ ಗುರುತಿನಲ್ಲಿ. ದೇವಿಯ ಅಸ್ತಿತ್ವದಲ್ಲಿ ಅಲ್ಲ. ಲೇಖವನ್ನು ತೋರಿಸುವ ಜೈನ ವಾದಿಯು ಅಂಬೆ ಎಂಬ ಪದಕ್ಕೆ ಬೆರಳಿಟ್ಟು ವಾಗ್ದೇವಿ ಎಂಬ ಪದವನ್ನು ಹೆಬ್ಬೆರಳಿನಿಂದ ಮುಚ್ಚಿದರೆ, 1924ರ ತಪ್ಪಿಗೂ ಇದಕ್ಕೂ ಭೇದವೇನು? ಅಂದು ಅಜ್ಞಾನದಿಂದಾದುದು ಇಂದು ಜ್ಞಾನಪೂರ್ವಕವಾಗಿ ಆಗುತ್ತದೆ ಎಂಬ ಭೇದ ಮಾತ್ರ. ಆ ಭೇದವು ದೋಷವನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಒಂದೇ ಎಳೆಯ ಬಟ್ಟೆಯಲ್ಲ

ಮಸೀದಿಯ ಗೋಡೆಯಲ್ಲಿ ದೊರೆತ ಶಿಲಾಫಲಕಗಳ ಕಥೆ ಇನ್ನೂ ಸ್ವಾರಸ್ಯಕರವಾದುದು. ಅವುಗಳಲ್ಲಿ ಪಾರಿಜಾತಮಂಜರಿ ಎಂಬ ಸಂಸ್ಕೃತ ನಾಟಿಕೆಯ ಎರಡು ಅಂಕಗಳು ಕೊರೆಯಲ್ಪಟ್ಟಿದ್ದವು. ಹದಿಮೂರನೆಯ ಶತಮಾನದ ಆದಿಯಲ್ಲಿ ಆಳಿದ ಪರಮಾರ ಅರ್ಜುನವರ್ಮನು ಅದರ ನಾಯಕ. ಮದನನು ಅದರ ಕವಿ. ವಸಂತೋತ್ಸವದಲ್ಲಿ ಶಾರದೆಯ ಮಂದಿರದಲ್ಲಿ ಅದು ಪ್ರಯೋಗವಾಯಿತೆಂದು ನಾಟಿಕೆಯ ಪ್ರಸ್ತಾವನೆಯಿಂದ ತಿಳಿಯುತ್ತದೆ. ಜರ್ಮನ್ ವಿದ್ವಾಂಸ ಹುಲ್ಟ್ಸ್ ಅವರು ಇದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಧಾರೆಯಲ್ಲಿ ಸರಸ್ವತಿಯ ಮಂದಿರವಿತ್ತೆಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ಈ ಮದನನು ಯಾರ ಶಿಷ್ಯ? ಬಾಲಸರಸ್ವತಿಯೆಂಬ ಬಿರುದಿನ ಮಹಾಕವಿ ಮದನನು ತನ್ನಲ್ಲಿ ಕಲಿತವರಲ್ಲೊಬ್ಬನೆಂದು ತನ್ನ ಪ್ರಶಸ್ತಿಯಲ್ಲಿ ಹೇಳಿಕೊಂಡವನು ಪಂಡಿತ ಆಶಾಧರ, ಶ್ರಾವಕರ ಮನೆಮನೆಗಳಲ್ಲಿ ಪೂಜ್ಯವಾದ ಸಾಗಾರಧರ್ಮಾಮೃತವನ್ನು ರಚಿಸಿದ ಮಹನೀಯ. ಅವನು ಧಾರೆಗೆ ವಲಸೆ ಬಂದು, ಬಳಿಕ ಸಮೀಪದ ನಲಕಚ್ಛಪುರದಲ್ಲಿ ನೆಲೆಸಿ ಗ್ರಂಥಗಳನ್ನು ಬರೆದನು. ಶಾರದಾಮಂದಿರದಲ್ಲಿ ಪ್ರಯೋಗಗೊಂಡ ನಾಟಿಕೆಯ ಕವಿಯು ಜೈನ ಪಂಡಿತನ ಶಿಷ್ಯ. ಭೋಜನ ಕಾಲದಲ್ಲಿಯೂ ಹೀಗೆಯೇ: ತಿಲಕಮಂಜರಿಯ ಕರ್ತೃ ಧನಪಾಲ ಅವನ ಆಸ್ಥಾನದ ಜೈನ ಕವಿ, ನ್ಯಾಯಶಾಸ್ತ್ರದ ಮಹಾಗ್ರಂಥ ಪ್ರಮೇಯಕಮಲಮಾರ್ತಂಡವನ್ನು ರಚಿಸಿದ ಆಚಾರ್ಯ ಪ್ರಭಾಚಂದ್ರರು ಧಾರೆಯಲ್ಲಿ ನೆಲೆಸಿದ್ದವರು. ಶೈವನಾಗಿದ್ದ ರಾಜನ ನಗರದಲ್ಲಿ ಇವರೆಲ್ಲರಿಗೂ ಸ್ಥಾನವಿತ್ತು.

ಈ ಪ್ರಭಾಚಂದ್ರರ ಹೆಸರು ಕರ್ನಾಟಕಕ್ಕೂ ಧಾರೆಗೂ ಒಂದು ಸೇತುವೆಯಾಗಿದೆ. ಧಾರಾಧಿಪನಾದ ಭೋಜರಾಜನಿಂದ ಪೂಜಿತಪಾದರೆಂದು ಪ್ರಭಾಚಂದ್ರರನ್ನು ಶ್ರವಣಬೆಳಗೊಳದ ಒಂದು ಶಾಸನ ಸ್ತುತಿಸುತ್ತದೆ. ಕನ್ನಡ ಜೈನರಿಗೆ ಇದು ಹೆಮ್ಮೆಯ ವಿಷಯ. ಆದರೆ ಇಲ್ಲಿಯೂ ಅದೇ ಅಳತೆ ಇರಬೇಕು. ಶಾಸನಗಳಲ್ಲಿ ಗುರುವಿನ ಪಾದಕ್ಕೆ ರಾಜರ ಕಿರೀಟಗಳನ್ನು ಬಾಗಿಸುವುದು ಕವಿಸಂಪ್ರದಾಯ. ಭೋಜನು ಜೈನ ವಿದ್ವಾಂಸರನ್ನು ಗೌರವಿಸಿದನೆಂಬಷ್ಟನ್ನು ಈ ಶಾಸನ ಪುಷ್ಟೀಕರಿಸುತ್ತದೆ. ಅವನು ಜಿನಧರ್ಮವನ್ನು ಸ್ವೀಕರಿಸಿದನೆಂದು ಹೇಳುವುದಿಲ್ಲ. ಅನ್ಯಮತೀಯರ ಪ್ರಶಸ್ತಿಗಳಲ್ಲಿ ಉತ್ಪ್ರೇಕ್ಷೆಯನ್ನು ಬೇಗ ಕಾಣುವ ಕಣ್ಣು ತನ್ನ ಮತದ ಪ್ರಶಸ್ತಿಯ ಮುಂದೆ ಮುಚ್ಚಿಕೊಳ್ಳಬಾರದು.

ಇದಲ್ಲದೆ ಆ ಕಟ್ಟಡದಲ್ಲಿ ಹಳೆಯ ದೇವಾಲಯಗಳ ಕಂಬಗಳು ಕಾಣುವಂತೆಯೇ ಮಿಹ್ರಾಬೂ ಕಾಣುತ್ತದೆ. ಅದರ ಪಕ್ಕದಲ್ಲಿ ಚಿಶ್ತಿ ಸಂಪ್ರದಾಯದ ಸಂತ ಕಮಾಲುದ್ದೀನರ ಸಮಾಧಿಯಿದೆ. ಕಂಬಗಳು ಸಾಕ್ಷ್ಯವಾದರೆ ಶತಮಾನಗಳ ಪ್ರಾರ್ಥನೆಯೂ ಸಾಕ್ಷ್ಯವೇ. ಪುರಾತತ್ತ್ವಜ್ಞನು ಮೇಲಿನ ಸ್ತರವನ್ನು ಬಿಟ್ಟು ಕೆಳಗಿನ ಸ್ತರವನ್ನು ಮಾತ್ರ ಸತ್ಯವೆನ್ನುವುದಿಲ್ಲ. ಪ್ರತಿಯೊಂದು ಸ್ತರವೂ ತನ್ನ ಕಾಲಕ್ಕೆ ಸತ್ಯ. ದ್ರವ್ಯವು ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದುದೆಂದು ಕಲಿತವರಿಗೆ ಈ ಮಾತು ಕಠಿನವಾಗಬಾರದು. ಪೂರ್ವಪರ್ಯಾಯವನ್ನಷ್ಟೇ ವಸ್ತುವೆಂದು ಹಿಡಿಯುವುದು ಏಕಾಂತ.

ಹಾಗೆಂದು ಅನೇಕಾಂತವೆಂದರೆ ಎಲ್ಲರ ಮಾತೂ ಸರಿಯೆಂಬ ಉದಾಸೀನವಲ್ಲ. ಲಂಡನ್ನಿನ ಪ್ರತಿಮೆ ಅಂಬಿಕೆಯದೇ. ಅದನ್ನು ವಾಗ್ದೇವಿಯೆನ್ನುವುದು ತಪ್ಪೇ. ಸೌಹಾರ್ದದ ಹೆಸರಿನಲ್ಲಿ ತಪ್ಪನ್ನು ಸರಿಯೆನ್ನಬೇಕಿಲ್ಲ. ಯಾವ ಅಪೇಕ್ಷೆಯಿಂದ ಯಾವ ಮಾತು ನಿಲ್ಲುತ್ತದೆ, ಯಾವ ಅಪೇಕ್ಷೆಯಿಂದ ನಿಲ್ಲುವುದಿಲ್ಲ ಎಂದು ಬಿಡಿಸಿ ಹೇಳುವುದೇ ಅನೇಕಾಂತದ ಕೆಲಸ.

ಮಥುರೆಯ ದಿಬ್ಬ ಕಲಿಸುವ ಪಾಠ

ಸಾಕ್ಷ್ಯವನ್ನು ಪೂರ್ಣವಾಗಿ ಸ್ವೀಕರಿಸುವುದು ಎಷ್ಟು ಕಷ್ಟವೆಂಬುದನ್ನು ತಿಳಿಯಲು ಜೈನರು ಅನ್ಯರನ್ನು ನೋಡಬೇಕಾಗಿಲ್ಲ. ಮಥುರೆಯ ಕಂಕಾಲೀ ಟೀಲಾ ಸಾಕು. ಹತ್ತೊಂಬತ್ತನೆಯ ಶತಮಾನದಲ್ಲಿ ಹಲವು ಯೂರೋಪಿಯನ್ ವಿದ್ವಾಂಸರು ಜೈನಧರ್ಮವನ್ನು ಬೌದ್ಧಧರ್ಮದ ಕವಲೆಂದು ಭಾವಿಸಿದ್ದರು. ಹರ್ಮನ್ ಯಾಕೋಬಿಯವರು 1879ರಲ್ಲಿ ಕಲ್ಪಸೂತ್ರವನ್ನು ಸಂಪಾದಿಸಿದಾಗ ಈ ಅಭಿಪ್ರಾಯವನ್ನು ಗ್ರಂಥಾಧಾರದಿಂದ ಖಂಡಿಸಿದರು. ಆದರೆ ಗ್ರಂಥಗಳು ಪರವರ್ತಿಗಳೆಂಬ ಆಕ್ಷೇಪ ಉಳಿದಿತ್ತು. 1888ರಿಂದ 1891ರವರೆಗೆ ಕಂಕಾಲೀ ಟೀಲಾದಲ್ಲಿ ನಡೆದ ಉತ್ಖನನದಲ್ಲಿ ಸ್ತೂಪದ ಅವಶೇಷಗಳೂ ಜಿನಬಿಂಬಗಳೂ ಆಯಾಗಪಟಗಳೂ ದೊರೆತವು. ಕುಷಾಣರ ಕಾಲದ ದಾನಲೇಖಗಳನ್ನು ಓದಿದ ಜಾರ್ಜ್ ಬ್ಯೂಲರ್ ಅವರು, ಅಲ್ಲಿಯ ಗಣ, ಕುಲ, ಶಾಖೆಗಳ ಹೆಸರುಗಳು ಕಲ್ಪಸೂತ್ರದ ಸ್ಥವಿರಾವಲಿಯ ಹೆಸರುಗಳಿಗೆ ಹೊಂದುವುದನ್ನು ತೋರಿಸಿದರು. ಪರಸ್ಪರ ನೋಡದೆ ಬರೆದ ಎರಡು ಖಾತೆಗಳು ತಾಳೆಯಾದುವು. ಆ ಆಕ್ಷೇಪದ ಬಲ ಅಲ್ಲಿಗೆ ಕುಂದಿತು.

ಅಲ್ಲಿ ದೊರೆತ ಬಿಂಬಗಳಲ್ಲೊಂದು ಸರಸ್ವತಿಯದು. ಕುಷಾಣ ಶಕೆಯ 54ನೆಯ ವರ್ಷದಲ್ಲಿ ಕಮ್ಮಾರ ಗೋವನು ಕೋಟ್ಟಿಯ ಗಣದ ವಾಚಕರೊಬ್ಬರ ಪ್ರೇರಣೆಯಿಂದ ಅದನ್ನು ದಾನ ಮಾಡಿದನು. ತಲೆಯಿಲ್ಲದ ಆ ಪ್ರತಿಮೆ ಲಖನೌ ವಸ್ತುಸಂಗ್ರಹಾಲಯದಲ್ಲಿದೆ. ಲೇಖದಿಂದ ಗುರುತಿಸಬಲ್ಲ ಸರಸ್ವತಿಯ ಅತ್ಯಂತ ಪ್ರಾಚೀನ ಪ್ರತಿಮೆಗಳಲ್ಲಿ ಒಬ್ಬ ಜೈನ ಕಮ್ಮಾರನ ಈ ಕಾಣಿಕೆಗೆ ಅಗ್ರಸ್ಥಾನವಿದೆ. ವಾಗ್ದೇವಿ ಒಂದು ಮತದ ಸ್ವತ್ತಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಅದೇ ದಿಬ್ಬ ಜೈನರ ಎರಡು ಪಂಥಗಳಿಗೂ ಮುಜುಗರ ತರುತ್ತದೆ. ಅಲ್ಲಿಯ ಜಿನಬಿಂಬಗಳು ನಗ್ನವಾಗಿವೆ. ಇದನ್ನು ದಿಗಂಬರರು ಉತ್ಸಾಹದಿಂದ ಉಲ್ಲೇಖಿಸುತ್ತಾರೆ. ಅಲ್ಲಿಯ ಗಣ-ಶಾಖೆಗಳು ಶ್ವೇತಾಂಬರರು ಮಾನ್ಯ ಮಾಡುವ ಕಲ್ಪಸೂತ್ರದವು; ಇದನ್ನು ಅವರು ಅಷ್ಟೇ ಉತ್ಸಾಹದಿಂದ ಉಲ್ಲೇಖಿಸುತ್ತಾರೆ. ಮುಂಗೈಯ ಮೇಲೆ ಬಟ್ಟೆಯ ತುಂಡೊಂದನ್ನು ಇಳಿಬಿಟ್ಟ ಮುನಿಗಳ ಶಿಲ್ಪಗಳೂ ಅಲ್ಲಿವೆ. ಅರ್ಧಫಾಲಕರೆಂದು ಕರೆಯಲ್ಪಟ್ಟ ಇವರನ್ನು ಇಂದಿನ ಯಾವ ಪಂಥದ ಲೆಕ್ಕಕ್ಕೂ ಸಲೀಸಾಗಿ ಸೇರಿಸಲಾಗದು. ಇವು ಮೂರನ್ನೂ ಒಟ್ಟಿಗೆ ಉಲ್ಲೇಖಿಸುವ ಭಾಷಣ ಪಂಥಾಭಿಮಾನದ ಸಭೆಗಳಲ್ಲಿ ವಿರಳ. ಇಂದಿನ ವಿಭಾಗವನ್ನು ಅಂದಿನ ಕಲ್ಲಿನ ಮೇಲೆ ಹೇರಲಾಗದೆಂಬುದೇ ಮಥುರೆಯ ಉತ್ತರ. ತೀರ್ಥಕ್ಷೇತ್ರಗಳ ಸ್ವಾಮಿತ್ವಕ್ಕಾಗಿ ಪಂಥಗಳ ನಡುವೆ ನಡೆದ ವ್ಯಾಜ್ಯಗಳಲ್ಲಿ ವ್ಯಯವಾದ ದ್ರವ್ಯವನ್ನು ನೆನೆದಾಗ ಈ ಉತ್ತರ ಎಷ್ಟು ಬೆಲೆಬಾಳುವುದೆಂದು ತಿಳಿಯುತ್ತದೆ.

ಮಥುರೆಯ ಉತ್ಖನನಕ್ಕೆ ಇನ್ನೊಂದು ಕಹಿ ಮುಖವೂ ಇದೆ. ಅದನ್ನು ನಡೆಸಿದ ಅಧಿಕಾರಿ ಅಲೋಯಿಸ್ ಫ್ಯೂರರ್. ಬುದ್ಧನ ಜನ್ಮಭೂಮಿಯ ಪರಿಸರದಲ್ಲಿ ಅವನು ಸಲ್ಲಿಸಿದ ವರದಿಗಳಲ್ಲಿ ಕಟ್ಟುಕಥೆಗಳಿದ್ದುವು. ಬರ್ಮಾದ ಭಿಕ್ಷುವೊಬ್ಬನಿಗೆ ನಕಲಿ ಧಾತುಗಳನ್ನು ಒದಗಿಸಿದುದೂ ಹೊರಬಿದ್ದಿತು. 1898ರಲ್ಲಿ ಅವನು ಹುದ್ದೆಯನ್ನು ತೊರೆಯಬೇಕಾಯಿತು. ತರುವಾಯ ಹೈನ್ರಿಖ್ ಲ್ಯೂಡರ್ಸ್ ಅವರು, ರಾಮನಗರದಲ್ಲಿ ದೊರೆತುವೆಂದು ಫ್ಯೂರರ್ ವರದಿ ಮಾಡಿದ ಕೆಲವು ಲೇಖಗಳು ಕೃತಕವೆಂದು ತೋರಿಸಿದರು. ಮಥುರೆಯ ಕಲ್ಲುಗಳು ಸಂಗ್ರಹಾಲಯಗಳಲ್ಲಿ ಕಣ್ಣೆದುರಿಗೇ ಇವೆ. ಅವುಗಳ ಸಾಚಾತನಕ್ಕೆ ಕುಂದಿಲ್ಲ. ಆದರೆ ಯಾವ ಕಲ್ಲು ಯಾವ ಸ್ತರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂಬ ವಿವರವು ಸಮರ್ಪಕ ದಾಖಲೆಯಿಲ್ಲದೆ ಶಾಶ್ವತವಾಗಿ ನಷ್ಟವಾಯಿತು. ಉತ್ಖನನವೆಂದರೆ ಒಮ್ಮೆ ಓದಿದೊಡನೆ ಹರಿದುಹೋಗುವ ಲೆಕ್ಕದ ಪುಸ್ತಕ. ಓದಿದವನು ಬರೆದಿಟ್ಟುದಷ್ಟೇ ಉಳಿಯುತ್ತದೆ. ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರ ಮಾಡುವುದು, ಸತ್ಯಾಣುವ್ರತದ ಅತಿಚಾರವೆಂದು ಆಚಾರ್ಯರು ಎಣಿಸಿದುದರ ಹಿಂದಿನ ವಿವೇಕ ಇಲ್ಲಿ ವ್ಯಕ್ತವಾಗುತ್ತದೆ. ಒಬ್ಬನ ಸುಳ್ಳು ಅವನ ಒಂದು ಪತ್ರವನ್ನಷ್ಟೇ ಕೆಡಿಸುವುದಿಲ್ಲ. ಅವನು ಮುಟ್ಟಿದ ಸತ್ಯವೆಲ್ಲವೂ ಮರುಪರೀಕ್ಷೆಗೆ ಒಳಗಾಗಬೇಕಾಗುತ್ತದೆ.

ಸಾಕ್ಷಿಯೂ ನ್ಯಾಯಾಧೀಶನೂ

ಪುರಾತತ್ತ್ವ ಸಾಕ್ಷ್ಯಕ್ಕೆ ಮಿತಿಯಿದೆಯೆಂಬುದನ್ನು ದೇಶದ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಅಯೋಧ್ಯೆಯಲ್ಲಿ 2003ರಲ್ಲಿ ನಡೆದ ಉತ್ಖನನದ ವರದಿಯನ್ನು ಪರಿಶೀಲಿಸಿ, 2019ರ ನವೆಂಬರ್ 9ರ ತೀರ್ಪಿನಲ್ಲಿ ನ್ಯಾಯಾಲಯವು ಕೆಳಗೆ ಹನ್ನೆರಡನೆಯ ಶತಮಾನದ, ಇಸ್ಲಾಮಿಕವಲ್ಲದ ಕಟ್ಟಡವಿತ್ತೆಂಬುದನ್ನು ಅಂಗೀಕರಿಸಿತು. ಆದರೆ ಮಸೀದಿ ಕಟ್ಟಲೆಂದೇ ಅದನ್ನು ಕೆಡವಲಾಯಿತೆಂದು ವರದಿ ಹೇಳಿಲ್ಲವೆಂಬುದನ್ನೂ, ಕೇವಲ ಪುರಾತತ್ತ್ವದ ನಿಷ್ಕರ್ಷೆಯಿಂದ ಭೂಮಿಯ ಹಕ್ಕು ನಿರ್ಣಯವಾಗದೆಂಬುದನ್ನೂ ಅದು ಗುರುತಿಸಿತು. ತೀರ್ಪಿನ ಫಲವನ್ನು ಕುರಿತು ಭಿನ್ನಾಭಿಪ್ರಾಯವಿರಬಹುದು. ಈ ತತ್ತ್ವವನ್ನು ಕುರಿತು ಇರಲಾರದು. ನೆಲವು ಸಾಕ್ಷಿಯಾಗಿ ನಿಲ್ಲಬಲ್ಲದು, ನ್ಯಾಯಾಧೀಶನಾಗಿ ಕುಳಿತುಕೊಳ್ಳಲಾರದು.

ಮೊದಲು ಇದ್ದವರದೇ ಹಕ್ಕು ಎಂಬ ನಿಯಮವನ್ನು ಜೈನರು ಎತ್ತಿಹಿಡಿದರೆ, ಅದರ ಫಲವನ್ನೂ ಯೋಚಿಸಬೇಕು. ಆ ನಿಯಮದ ಬಲದಿಂದ ಇಂದು ಒಂದು ಕಟ್ಟಡವನ್ನು ಕೇಳುವವರು, ಅದೇ ನಿಯಮದಿಂದ ನಾಳೆ ಬೇರೊಬ್ಬರು ಬಸದಿಯ ಅಡಿಪಾಯವನ್ನು ಅಗೆಯಲು ಬಂದಾಗ ಯಾವ ಮಾತಿನಿಂದ ತಡೆದಾರು? ಅಲ್ಪಸಂಖ್ಯಾತರಿಗೆ ಈ ನಿಯಮ ಎಂದೂ ರಕ್ಷಣೆಯಲ್ಲ.

ಕನ್ನಡ ನಾಡಿನ ಶಾಸನಗಳಲ್ಲಿ ನೋವಿನ ನೆನಪೂ ಇದೆ, ನ್ಯಾಯದ ನೆನಪೂ ಇದೆ. ಅಬ್ಬಲೂರಿನ ಶಾಸನವು ಏಕಾಂತದ ರಾಮಯ್ಯನ ಪಣದ ಕಥೆಯನ್ನೂ ಜಿನಬಿಂಬದ ಭಂಗವನ್ನೂ ದಾಖಲಿಸುತ್ತದೆ. ಶ್ರವಣಬೆಳಗೊಳದ 1368ರ ಶಾಸನವು ಬೇರೊಂದು ಚಿತ್ರವನ್ನು ಕೊಡುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ವಿಜಯನಗರದ ಬುಕ್ಕರಾಯನು ಉಭಯರನ್ನೂ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಜೈನರಿಗೆ ಉಳಿಸಿದನು. ಮನೆಗೆ ವರ್ಷಕ್ಕೊಂದು ಹಣದಂತೆ ಜೈನರಿಂದ ಸಂಗ್ರಹಿಸಿದ ದ್ರವ್ಯದಿಂದ, ಬೆಳಗೊಳದ ದೇವರ ಅಂಗರಕ್ಷೆಗೆ ವೈಷ್ಣವರು ಇಪ್ಪತ್ತು ಜನರನ್ನು ನೇಮಿಸಬೇಕೆಂದೂ, ಉಳಿದ ಹಣದಿಂದ ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ ವ್ಯವಸ್ಥೆಯಾಯಿತು. ಯಾರು ಮೊದಲು ಬಂದವರೆಂದು ರಾಜನು ನೆಲವನ್ನು ಅಗೆಸಲಿಲ್ಲ. ಒಬ್ಬರ ದೇವಾಲಯವನ್ನು ಕಾಯುವ ಹೊಣೆಯನ್ನು ಇನ್ನೊಬ್ಬರ ಕೈಗಿತ್ತನು. ಅಬ್ಬಲೂರನ್ನು ಮರೆತು ಬೆಳಗೊಳವನ್ನು ಮಾತ್ರ ಹೇಳುವುದು ಸತ್ಯವಲ್ಲ. ಬೆಳಗೊಳವನ್ನು ಮರೆತು ಅಬ್ಬಲೂರನ್ನು ಮಾತ್ರ ಹೇಳುವುದು ಹಿತವೂ ಅಲ್ಲ, ಸತ್ಯವೂ ಅಲ್ಲ.

ಟ್ರಸ್ಟುಗಳ ಕರ್ತವ್ಯ

ಸಾರ್ವಜನಿಕ ವಿವಾದಗಳಲ್ಲಿ ಸಾಕ್ಷ್ಯದ ಮಹತ್ತ್ವವನ್ನು ಸಾರುವ ಸಮಾಜವು ತನ್ನ ಬಳಿಯಿರುವ ಸಾಕ್ಷ್ಯವನ್ನು ಹೇಗೆ ಕಾಪಾಡುತ್ತಿದೆ? ಜೀರ್ಣೋದ್ಧಾರವೆಂದರೆ ಹಳೆಯದನ್ನು ಅಳಿಸಿ ಹೊಸದನ್ನು ಕಟ್ಟುವುದೆಂಬ ಭಾವನೆ ಬೆಳೆದಿದೆ. ನಿಷಿಧಿಗಲ್ಲುಗಳು ಮೆಟ್ಟಿಲುಗಳಾಗುತ್ತವೆ, ಶಾಸನದ ಕಂಬಗಳಿಗೆ ಎಣ್ಣೆಬಣ್ಣ ಬೀಳುತ್ತದೆ, ಲೇಖವಿದ್ದ ಹಳೆಯ ಪೀಠದ ಜಾಗಕ್ಕೆ ದಾನಿಯ ಹೆಸರಿನ ಗ್ರಾನೈಟ್ ಪೀಠ ಬರುತ್ತದೆ. ಇಂದಿನ ದಾನಿಯ ಹೆಸರನ್ನು ಕೆತ್ತಲು ಸಾವಿರ ವರ್ಷದ ಹಿಂದಿನ ದಾನಿಯ ಹೆಸರನ್ನು ಅಳಿಸುವುದು ನ್ಯಾಸಾಪಹಾರಕ್ಕೆ ಸಮಾನವಾದುದು. ವರರುಚಿ ಮಾಡಿಸಿದ ಪೀಠಕ್ಕೆ ಯಾರಾದರೂ ಭಕ್ತಿಯಿಂದ ಹೊಸ ಹೊಳಪು ಕೊಟ್ಟಿದ್ದರೆ ಅಂಬಿಕೆಯ ಹೆಸರು ಎಂದಿಗೂ ಮರಳುತ್ತಿರಲಿಲ್ಲ.

ಮಾಡಬೇಕಾದುದು ದುಬಾರಿಯ ಕೆಲಸವಲ್ಲ. ಯಾವ ಬಸದಿಯಲ್ಲಾಗಲಿ ಕಲ್ಲನ್ನು ಕದಲಿಸುವ ಮೊದಲು ಅದರ ಛಾಯಾಚಿತ್ರವನ್ನೂ ಅಳತೆಯನ್ನೂ ಸ್ಥಾನವನ್ನೂ ದಾಖಲಿಸಬೇಕು. ಬಿಂಬಗಳ, ಲೇಖಗಳ, ತಾಡವೋಲೆಗಳ ಪಟ್ಟಿಯನ್ನು ಟ್ರಸ್ಟಿನ ಆಸ್ತಿಪಟ್ಟಿಯಷ್ಟೇ ಶ್ರದ್ಧೆಯಿಂದ ಇಡಬೇಕು. ನೆಲ ಅಗೆಯುವಾಗ ಏನಾದರೂ ದೊರೆತರೆ ಇಲಾಖೆಗೆ ತಿಳಿಸಬೇಕು. ಬಿಂಬ ಜೈನದ್ದಾದರೂ ಅನ್ಯಮತದ್ದಾದರೂ ನಡತೆಯಲ್ಲಿ ಭೇದವಿರಬಾರದು. ಲೂಯಿಸ್ ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಕಲ್ಲುಗಳು ಹೊಸದಾಗಿ ಹುಟ್ಟಲಿಲ್ಲ. ಹುಡುಕುವ ತಾಳ್ಮೆ ಬಂದಿತು. ಅಂತಹ ತಾಳ್ಮೆಗೆ ಕಾದಿರುವ ಕಲ್ಲುಗಳು ಹಳ್ಳಿಹಳ್ಳಿಗಳಲ್ಲಿವೆ.

ಧಾರೆಯ ಅಂಬಿಕೆಯ ವಿಷಯದಲ್ಲಿ ಜೈನ ಸಮಾಜವು ಧೈರ್ಯದಿಂದ ಹೇಳಬಹುದಾದ ಮಾತು ಚಿಕ್ಕದು: ಈ ಪ್ರತಿಮೆ ಅಂಬಿಕೆಯದು, ಇದನ್ನು ಮಾಡಿಸಿದವನು ಜೈನ, ಅವನು ವಾಗ್ದೇವಿಯನ್ನೂ ಆರಾಧಿಸಿದನು, ಕಟ್ಟಡವನ್ನು ಕುರಿತು ಈ ಲೇಖ ಏನನ್ನೂ ಹೇಳುವುದಿಲ್ಲ. ಈ ಮಾತಿನ ಕೊನೆಯ ಭಾಗವನ್ನೂ ಮೊದಲ ಭಾಗದಷ್ಟೇ ಗಟ್ಟಿಯಾಗಿ ಹೇಳುವವರ ಮಾತಿಗೆ ನ್ಯಾಯಾಲಯದಲ್ಲಿಯೂ ಊರಿನಲ್ಲಿಯೂ ಬೆಲೆ ಇರುತ್ತದೆ. ತನಗೆ ನಷ್ಟವಾಗುವ ಬಾಬ್ತನ್ನೂ ಬರೆದಿಟ್ಟ ವರ್ತಕನ ಪುಸ್ತಕವನ್ನೇ ಲೋಕ ನಂಬುತ್ತದೆ.